ನಿಘಂಟಿನ ಕೆಳಗೆ ಸಿಕ್ಕ ಹಾಡು

ಕಿಟೆಲ್ ಎಂದರೆ ನಮಗೆಲ್ಲ 1894ರ ನಿಘಂಟು. ಆ ದಪ್ಪ ಪುಸ್ತಕದ ಭಾರಕ್ಕೆ ಅವರದೇ ಒಂದು ಕಾವ್ಯ ಅಡಿಗೆ ಸಿಕ್ಕಿಬಿಟ್ಟಿದೆ: 1862ರ ‘ಕಥಾಮಾಲೆ’. ಯೇಸುವಿನ ಕಥೆಯನ್ನು ಈ ನೆಲದ ಹಾಡಿನ ಧಾಟಿಯಲ್ಲೇ ಹೇಳಿದ ಪದ್ಯಗಳು.

ಯುರೋಪಿನ ರಾಗಕ್ಕೆ ಕನ್ನಡ ತುಂಬಿದ ಕೀರ್ತನೆಗಳಲ್ಲಿ ಹ್ರಸ್ವ ದೀರ್ಘವಾಗುತ್ತದೆ, ಪದ ಎಲ್ಲೆಲ್ಲೋ ಮುರಿಯುತ್ತದೆ. ಬಾಸೆಲ್ ಮಿಶನ್ನಿನ ಈ ಪಾದ್ರಿ 1853ರಲ್ಲಿ ಬಂದವರು, ಆ ದಾರಿ ಬಿಟ್ಟು ಇಲ್ಲಿಯ ಮಾತ್ರೆ ಎಣಿಸಿದರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದೂ ಅವರೇ. ಆದರೂ ತರಗತಿಯಲ್ಲಿ ಅವರು ಕವಿಯಲ್ಲ.

ನಾನು ಹಿರೇಕೆರೂರಿನ ಕಡೆಯವನು. ನಮ್ಮಲ್ಲಿ ಬೈಗುಳಕ್ಕೂ ಸರ್ವಜ್ಞ ಬೇಕು. ಶಿಗ್ಗಾಂವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡವಿದೆ, ಶರೀಫರ ಶಿಶುನಾಳವಿದೆ. ಅವರ ಪದಗಳನ್ನು ಯಾರೂ ‘ಪ್ರಚಾರ ಸಾಹಿತ್ಯ’ ಎನ್ನುವುದಿಲ್ಲ. ಸವಣೂರಿನ ನನ್ನ ಗೆಳೆಯನ ತಕರಾರು ಇಲ್ಲೇ ಇದೆ. ಅವನು ಕ್ರಿಸ್ಮಸ್ಸಿಗೆ ಹಾಡು ಬರೆಯುತ್ತಾನೆ. “ನಾ ಬರದ್ರ ಚರ್ಚಿನ ಹಾಡು, ಶರೀಫಜ್ಜ ಬರದ್ರ ತತ್ವಪದ. ಹಂಗ್ಯಾಕಪಾ?”

ನಾ. ಡಿಸೋಜರ ಹೆಸರು ಹೇಳಿದೆ. ಅಣೆಕಟ್ಟಿನ ಮುಳುಗಡೆಯ ಕಥೆ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ನಾಡೆಲ್ಲ ಮೆಚ್ಚಿತು. “ಅದರಾಗ ಚರ್ಚ್ ಎಲ್ಲೈತಿ?” ಎಂದ. ನಿಜ. ಅವರದೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿ ಅಷ್ಟು ಮಾತಿಗೆ ಬರುವುದಿಲ್ಲ. ನಂಬಿಕೆ ಬದಿಗಿಟ್ಟು ಬಂದರೆ ಮಾತ್ರ ಸಾಹಿತ್ಯದ ಮನೆಗೆ ಪ್ರವೇಶವೆಂದರೆ ಅದು ಓದುಗರ ದಾರಿದ್ರ್ಯ.

ಈಗ ಅವನಿಗೆ ‘ಕಥಾಮಾಲೆ’ಯ ಕೆಲವು ಪುಟ ಕಳಿಸಿದ್ದೇನೆ. ಕುರುಬರು ಕೊಟ್ಟಿಗೆಗೆ ಬರುವ ಪದ ಬರೆಯುತ್ತಿದ್ದಾನೆ, ಏಕತಾರಿಗೆ ಹೊಂದುವಂತೆ. ಎರಡು ನುಡಿ ಚೆನ್ನಾಗಿವೆ. ಮೂರನೆಯದು ಇನ್ನೂ ತಾಳಕ್ಕೆ ಕೂತಿಲ್ಲ.