ಕಸದ ಬೆಳಕು, ಬೂದಿಯ ದ್ವೀಪ

ಸಿಂಗಪುರದ ಹಳೆಯ ಬಹುಮಹಡಿ ವಸತಿಗಳಲ್ಲಿ ಅಡುಗೆಮನೆಯ ಗೋಡೆಗೆ ಒಂದು ಪುಟ್ಟ ಲೋಹದ ಬಾಗಿಲು ಉಂಟು. ಗೃಹಿಣಿ ಅದರ ಹಿಡಿಯನ್ನೆಳೆದು, ಅಂದಿನ ತರಕಾರಿಯ ಸಿಪ್ಪೆ, ಮೀನಿನ ಮುಳ್ಳು, ಖಾಲಿ ಡಬ್ಬಿ ಎಲ್ಲವನ್ನೂ ತುಂಬಿದ ಚೀಲವನ್ನು ಒಳಕ್ಕೆ ನೂಕಿ ಬಾಗಿಲು ಮುಚ್ಚುತ್ತಾಳೆ. ಚೀಲವು ಹತ್ತು ಹನ್ನೆರಡು ಮಹಡಿಗಳಷ್ಟು ಆಳದ ಕೊಳವೆಯಲ್ಲಿ ದಡದಡನೆ ಉರುಳಿ ಕೆಳಗಿನ ತೊಟ್ಟಿಗೆ ಬಿದ್ದ ಸದ್ದು ಕೇಳಿಸುತ್ತದೆ. ಅಲ್ಲಿಗೆ ಆ ಮನೆಯ ಮಟ್ಟಿಗೆ ಕಸದ ಕಥೆ ಮುಗಿಯಿತು. 1989ರಿಂದೀಚಿನ ಸರಕಾರಿ ವಸತಿಗಳಲ್ಲಿ ಈ ಬಾಗಿಲು ಅಡುಗೆಮನೆಯನ್ನು ಬಿಟ್ಟು, ಮಹಡಿಯವರೆಲ್ಲರಿಗೂ ಸೇರಿದಂತೆ ಹೊರಗಿನ ಹಜಾರಕ್ಕೆ ಬಂದಿದೆ. ನಾಲ್ಕು ಹೆಜ್ಜೆ ನಡೆಯಬೇಕು, ಅಷ್ಟೆ. ಕಸವನ್ನು ಇಷ್ಟು ಸುಲಭವಾಗಿ ಕಣ್ಣಿನಿಂದ ಮರೆಮಾಡಿದ ನಗರ ಬೇರೊಂದಿರುವುದು ಅಪರೂಪ.

ಆದರೆ ಕಣ್ಮರೆಯಾದ ವಸ್ತು ಎಲ್ಲಿಗೋ ಹೋಗಲೇಬೇಕಲ್ಲ! ಸಿಂಗಪುರವಾದರೋ ಸುಮಾರು 730 ಚದರ ಕಿಲೋಮೀಟರಿನ ದ್ವೀಪ. ಅರವತ್ತು ಲಕ್ಷದಷ್ಟು ಜನ. ಮನೆ, ರಸ್ತೆ, ಬಂದರು, ವಿಮಾನ ನಿಲ್ದಾಣ, ಕುಡಿಯುವ ನೀರಿನ ಜಲಾಶಯ, ಎಲ್ಲವೂ ಅದರೊಳಗೇ ಆಗಬೇಕು. ಮೊದಲು ಕಸವನ್ನು ಜೌಗು ನೆಲಗಳಿಗೆ ಸುರಿದು ತುಂಬಿಸುತ್ತಿದ್ದರು. 1970ರಲ್ಲಿ ದಿನವೊಂದಕ್ಕೆ ಸುಮಾರು 1,200 ಟನ್ನಿದ್ದ ಕಸ 2016ರ ವೇಳೆಗೆ 8,500 ಟನ್ನನ್ನು ಮೀರಿತು. ಅಷ್ಟನ್ನು ಸುರಿಯುವುದಕ್ಕೆ ಜೌಗು ಎಲ್ಲಿಂದ ಬರಬೇಕು? ಈ ಇಕ್ಕಟ್ಟನ್ನು ಮುಂದಾಗಿಯೇ ಕಂಡ ಸರಕಾರವು ಬೆಂಕಿಯ ಮೊರೆಹೊಕ್ಕಿತು. ಉಲು ಪಾಂಡನ್ ಎಂಬಲ್ಲಿ ಮೊದಲನೆಯ ದಹನ ಕಾರ್ಖಾನೆ ಆರಂಭವಾದುದು 1979ರಲ್ಲಿ. ಅದನ್ನನುಸರಿಸಿ 1986ರಲ್ಲಿ ಟುವಾಸ್, 1992ರಲ್ಲಿ ಸೆನೋಕೊ, 2000ದಲ್ಲಿ ದಕ್ಷಿಣ ಟುವಾಸ್ ಕಾರ್ಖಾನೆಗಳು ಬಂದವು. ಮೊದಲನೆಯದನ್ನು 2009ರಲ್ಲಿ ಮುಚ್ಚಿದರು.

ಇವುಗಳಲ್ಲಿ ದಕ್ಷಿಣ ಟುವಾಸ್‌ನದು ದಿನಕ್ಕೆ 3,000 ಟನ್ ಕಸವನ್ನು ನುಂಗಬಲ್ಲ ದೊಡ್ಡ ಹೊಟ್ಟೆ. ಲಾರಿಗಳು ಮೊದಲು ತೂಕದ ಕಟ್ಟೆಯನ್ನೇರಿ, ಬಳಿಕ ಹಿಮ್ಮುಖವಾಗಿ ಬಂದು, ಬಾವಿಯಂಥ ದೊಡ್ಡ ಗುಂಡಿಗೆ ತಮ್ಮ ಹೊರೆಯನ್ನು ಕೆಡವುತ್ತವೆ. ಇಲ್ಲಿ ಮೂಗು ಮುಚ್ಚಿಕೊಳ್ಳಬೇಕೆಂದು ನಿರೀಕ್ಷಿಸುವುದು ಸಹಜ. ಆದರೆ ಅದಕ್ಕೊಂದು ಜಾಣ ಉಪಾಯ ಮಾಡಿದ್ದಾರೆ. ಕುಲುಮೆಗೆ ಬೇಕಾದ ಗಾಳಿಯನ್ನು ಈ ಗುಂಡಿಯ ಮೇಲಿನಿಂದಲೇ ಸೆಳೆಯುತ್ತಾರೆ. ಗಾಳಿ ಸದಾ ಹೊರಗಿನಿಂದ ಒಳಕ್ಕೆ ಹರಿಯುವುದರಿಂದ ನಾತ ಹೊರಬೀಳುವುದಿಲ್ಲ. ಬೆಂಕಿಯ ಬಾಯಿಗೇ ಹೋಗಿ ಸುಟ್ಟುಹೋಗುತ್ತದೆ. ಮೇಲೆ ಗಾಜಿನ ಕೋಣೆಯಲ್ಲಿ ಕುಳಿತವನೊಬ್ಬ ಕ್ರೇನಿನ ದೈತ್ಯ ಪಂಜದಿಂದ ಕಸವನ್ನೆತ್ತಿ, ಕೆಡವಿ, ಮತ್ತೆ ಎತ್ತಿ ಕಲೆಸುತ್ತಿರುತ್ತಾನೆ. ಒದ್ದೆಯೂ ಒಣಗಿದ್ದೂ ಹದವಾಗಿ ಬೆರೆತರೆ ತಾನೇ ಉರಿ ಸಮನಾಗಿ ಹತ್ತುವುದು! ಸೌದೆಯ ಒಲೆಯ ಮುಂದೆ ಕುಳಿತು ಮಳೆಗಾಲದಲ್ಲಿ ಅಡುಗೆ ಮಾಡಿದ ಅಜ್ಜಿಯರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಕುಲುಮೆಯೊಳಗೆ 850 ಡಿಗ್ರಿಗೂ ಮಿಕ್ಕಿದ ತಾಪ. ಒಮ್ಮೆ ಹೊತ್ತಿಕೊಂಡಮೇಲೆ ಕಸವೇ ಇಂಧನ. ಆ ಉರಿಯಲ್ಲಿ ನೀರು ಕಾದು ಹಬೆಯಾಗಿ ಟರ್ಬೈನನ್ನು ತಿರುಗಿಸುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಒಂದು ಪಾಲು ಕಾರ್ಖಾನೆಯ ಸ್ವಂತ ಉಪಯೋಗಕ್ಕೆ. ಉಳಿದುದು ಊರಿಗೆ ಮಾರಾಟ. ಹೊಗೆಯನ್ನು ಹಾಗೆಯೇ ಬಿಡುವಂತಿಲ್ಲ. ಸುಣ್ಣದ ಪುಡಿಯಿಂದ ಅದರ ಆಮ್ಲವನ್ನು ಮುರಿದು, ಸೋಸುಚೀಲಗಳಲ್ಲಿ ದೂಳನ್ನು ತಡೆದು, 150 ಮೀಟರ್ ಎತ್ತರದ ಚಿಮಣಿಯಿಂದ ಆಕಾಶಕ್ಕೆ ಕಳುಹಿಸುತ್ತಾರೆ. ಉಳಿದ ಬೂದಿಯಿಂದ ಅಯಸ್ಕಾಂತಗಳು ಕಬ್ಬಿಣದ ಚೂರುಗಳನ್ನು ಹೆಕ್ಕುತ್ತವೆ.

ಕಸದಿಂದ ಬೆಳಕು ಎಂದೊಡನೆ ಮನಸ್ಸು ಹಿಗ್ಗುವುದೇನೋ ನಿಜ. ಆದರೆ ಲೆಕ್ಕ ತೆಗೆದುನೋಡಿದರೆ, ಸಿಂಗಪುರಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಹೀಗೆ ದೊರೆಯುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ವಿದ್ಯುತ್ತಿನ ಆಸೆಯೊಂದಕ್ಕಾಗಿ ಯಾರೂ ಇಂಥ ದುಬಾರಿ ಕುಲುಮೆಗಳನ್ನು ಕಟ್ಟಲಾರರು. ಬೆಂಕಿಗೆ ಹಾಕಿದ ಹತ್ತು ಗಾಡಿ ಕಸ ಒಂದು ಗಾಡಿ ಬೂದಿಯಾಗಿ ಉಳಿಯುತ್ತದೆ. ಒಂಬತ್ತು ಗಾಡಿಗಳ ಜಾಗ ಮಿಗುತ್ತದೆ. ನಿಜವಾದ ಲಾಭ ಆ ಜಾಗ; ಬೆಳಕು ಮೇಲುಸಂಪಾದನೆ. ಇದನ್ನು ಮರೆತು ಕೇವಲ ವಿದ್ಯುತ್ತಿಗೆ ಮರುಳಾದರೆ ಕೈ ಸುಟ್ಟುಕೊಳ್ಳುವುದೂ ಉಂಟು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಆರಂಭವಾದ ಇಂಥದೇ ಕಾರ್ಖಾನೆ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಅಲ್ಲಿಗೆ ಬಂದ ಕಸದಲ್ಲಿ ಉರಿಯುವಷ್ಟು ಕಸುವೇ ಇರಲಿಲ್ಲ.

ಇನ್ನು ಆ ಒಂದು ಗಾಡಿ ಬೂದಿಯ ಮಾತು. ಪ್ರಧಾನ ದ್ವೀಪದಲ್ಲಿದ್ದ ಕೊನೆಯ ಕಸದ ಬಯಲು, ಲೊರೋಂಗ್ ಹಾಲುಸ್, 1999ರ ಮಾರ್ಚ್ 31ರಂದು ಮುಚ್ಚಿತು. ಮರುದಿನದಿಂದಲೇ ಬೂದಿಯೂ ಸುಡಲಾಗದ ಕಸವೂ ಕಡಲಿನ ದಾರಿ ಹಿಡಿದವು. ದಕ್ಷಿಣದಲ್ಲಿ ಸುಮಾರು ಎಂಟು ಕಿಲೋಮೀಟರ್ ದೂರದಲ್ಲಿ ಸೆಮಕಾವ್, ಸಕೆಂಗ್ ಎಂಬ ಎರಡು ಕಿರುದ್ವೀಪಗಳಿದ್ದವು. ಅವುಗಳ ನಡುವಣ ಸಮುದ್ರವನ್ನೇ ಏಳು ಕಿಲೋಮೀಟರ್ ಉದ್ದದ ಕಲ್ಲಿನ ಏರಿಯಿಂದ ಬಳಸಿ, ವಿಷದ ನೀರು ಸೋರದಂತೆ ಜೇಡಿಮಣ್ಣನ್ನೂ ನೀರಿಳಿಯದ ಹಾಸನ್ನೂ ಹೊದಿಸಿ, ಒಳಗನ್ನು ಮಡಿಮಡಿಯಾಗಿ ವಿಂಗಡಿಸಿದರು. ಟುವಾಸ್‌ನಿಂದ ದೋಣಿಗಳು ಹೊತ್ತು ತರುವ ಸುಮಾರು 2,000 ಟನ್ ಹೊರೆ ದಿನವೂ ಇಲ್ಲಿ ಇಳಿಯುತ್ತದೆ. ನೀರಿದ್ದ ಮಡಿ ತುಂಬಿ ನೆಲವಾಗುತ್ತದೆ. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು.

ಈ ದ್ವೀಪಗಳು ಬರಿಯ ಬಂಡೆಗಳಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮೀನು ಹಿಡಿದು ಬದುಕುತ್ತಿದ್ದ ಮಲಯ ಕುಟುಂಬಗಳು ಅಲ್ಲಿ ಊರು ಮಾಡಿಕೊಂಡಿದ್ದವು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು. ಭರತ ಬಂದಾಗ ಮೆಟ್ಟಿಲ ಬುಡದಲ್ಲೇ ದೋಣಿ. ಸೆಮಕಾವ್‌ನವರು 1970ರ ದಶಕದಲ್ಲಿಯೂ ಸಕೆಂಗ್‌ನವರು 1990ರ ದಶಕದ ಮೊದಲ ವರ್ಷಗಳಲ್ಲಿಯೂ ಒಕ್ಕಲೆದ್ದು ನಗರದ ಬಹುಮಹಡಿಗಳಿಗೆ ಹೋದರು. ಕೊಳಾಯಿ, ಶಾಲೆ, ಆಸ್ಪತ್ರೆ ಹತ್ತಿರವಾದವು, ಕಡಲು ದೂರವಾಯಿತು. ಇಡೀ ನಗರದ ಅಡುಗೆಮನೆಗಳು ಶುಚಿಯಾಗಿರಬೇಕಾದರೆ ಯಾರ ಅಂಗಳವಾದರೂ ಹೋಗಬೇಕು. ಹೋದದ್ದು ಇವರದು. ನಗರದ ಲೆಕ್ಕಪತ್ರದಲ್ಲಿ ಈ ಖರ್ಚಿಗೆ ಒಂದು ಸಾಲು ಇರಬೇಕಾಗಿತ್ತು.

ಇಂದು ಸೆಮಕಾವ್‌ಗೆ ಹೋದವರಿಗೆ ಕಸದ ಸುಳಿವು ಸಿಗುವುದು ಕಷ್ಟ. 2005ರಿಂದ ಸಾರ್ವಜನಿಕರಿಗೂ ಪ್ರವೇಶವಿತ್ತರು. ಇಳಿತದ ವೇಳೆಯಲ್ಲಿ ಮಕ್ಕಳನ್ನು ಕರೆದೊಯ್ದು ನಕ್ಷತ್ರಮೀನನ್ನೂ ಹವಳವನ್ನೂ ತೋರಿಸಿದ್ದುಂಟು. ಏರಿಯ ಕೆಲಸದಿಂದ ಹಾಳಾದ ಕಾಂಡ್ಲಾ ವನಕ್ಕೆ ಬದಲಾಗಿ ಸುಮಾರು ನಾಲ್ಕು ಲಕ್ಷ ಸಸಿಗಳನ್ನು ನೆಟ್ಟರು. ಇವು ಅಲಂಕಾರಕ್ಕಾಗಿ ಮಾತ್ರವಲ್ಲ. ಒಳಗಿನ ವಿಷ ಎಲ್ಲಾದರೂ ಸೋರಿದರೆ ಮೊದಲು ಬಾಡುವವು ಈ ಗಿಡಗಳೇ. ಕಾವಲಿಗೆ ನಿಂತ ಹಸಿರು!

ಆದರೆ ಮಡಿಗಳು ಎಣಿಸಿದುದಕ್ಕಿಂತ ಬೇಗ ತುಂಬುತ್ತಿವೆ. 2045ರವರೆಗೆ ಸಾಲುತ್ತದೆಂದು ಲೆಕ್ಕ ಹಾಕಿದ್ದ ಜಾಗ 2035ಕ್ಕೇ ಮುಗಿಯುವುದೆಂದು ಸರಕಾರವೇ ಹೇಳಿದೆ. ಅದಾದಮೇಲೆ ಕಟ್ಟಲು ಇನ್ನೊಂದು ಸೆಮಕಾವ್ ಎಲ್ಲಿದೆ? ಬೂದಿಯನ್ನೇ ರಸ್ತೆಯ ತಳಕ್ಕೆ ಬಳಸುವ ಪ್ರಯೋಗ ನಡೆದಿದೆ. 2020ರಲ್ಲಿ ಟುವಾಸ್‌ನಲ್ಲಿ ಆರಂಭವಾದ ಹೊಸ ಕಾಮಗಾರಿಯಲ್ಲಿ ಅಡುಗೆಯ ಕಸವನ್ನು ಚರಂಡಿಯ ರೊಚ್ಚಿನೊಡನೆ ಕೊಳೆಸಿ ಅನಿಲ ತೆಗೆಯುವ ಏರ್ಪಾಡೂ ಸೇರಿದೆ. ಇವೆಲ್ಲ ಎಂಜಿನಿಯರುಗಳ ಕೆಲಸ. ಮನೆಯವರ ಕೆಲಸ ಕಷ್ಟತರವಾದುದು. ಹಳೆಯ ಪತ್ರಿಕೆ, ಬಟ್ಟೆ, ಕೆಟ್ಟ ರೇಡಿಯೋ ಕೊಳ್ಳಲು ಹಾರನ್ ಒತ್ತುತ್ತ ಮಹಡಿ ಮಹಡಿ ಸುತ್ತುವವನಿಗೆ ಅಲ್ಲಿ ‘ಕಾರುಂಗ್ ಗುನಿ’ ಎಂದು ಹೆಸರು. ಗೋಣಿಚೀಲವೆಂದೇ ಅದರ ಅರ್ಥ. ಆ ‘ಗುನಿ’ ನಮ್ಮ ಗೋಣಿಯ ನೆಂಟ. ಕೊಳವೆಗೆ ನೂಕುವುದು ಒಂದು ಕ್ಷಣದ ಕೆಲಸ. ಬೇರ್ಪಡಿಸಿ, ಕಟ್ಟಿಟ್ಟು, ಗೋಣಿಯವನ ದಾರಿ ಕಾಯುವುದಕ್ಕೆ ತಾಳ್ಮೆ ಬೇಕು. ಗೋಡೆಯ ಬಾಗಿಲು ಆ ತಾಳ್ಮೆಯನ್ನು ಮೊದಲೇ ಕಸಿದುಕೊಂಡುಬಿಟ್ಟಿದೆ.

2023ರ ಜುಲೈ 3ರಿಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಚೀಲವೊಂದಕ್ಕೆ ಕನಿಷ್ಠ ಐದು ಸೆಂಟ್ ವಸೂಲು ಮಾಡಬೇಕೆಂಬ ನಿಯಮ ಬಂದಿದೆ. ಅದುವರೆಗೆ ಸಾಮಾನಿನ ಜೊತೆ ಪುಕ್ಕಟೆಯಾಗಿ ಮನೆಗೆ ಬಂದ ಚೀಲವೇ ಮರುದಿನ ಕಸವನ್ನು ತುಂಬಿಕೊಂಡು ಕೊಳವೆಯಲ್ಲಿ ಇಳಿಯುತ್ತಿತ್ತು. ಈಗ ಅಂಥ ಚೀಲಗಳನ್ನು ಮಡಿಸಿ ಅಡುಗೆಮನೆಯ ಕಪಾಟಿನಲ್ಲಿ ಜೋಪಾನವಾಗಿ ಎತ್ತಿಡುತ್ತಾರೆ.