ಅಪ್ಪರ್, ಡಿಮ್

ವಾರದಲ್ಲಿ ನಾಲ್ಕು ದಿನ ಸಿಂಧನೂರಿನಿಂದ ಲಿಂಗಸುಗೂರಿಗೆ ಪಾಠ ಮಾಡಲು ಹೋಗಿಬರುತ್ತೇನೆ. ಗಾಡಿ ಅಪ್ಪನದು. ನೂರು ಸಿಸಿಯ ಹಳೆಯ ಗಾಡಿ, ಟ್ಯಾಂಕಿನ ಮೇಲಿನ ಬಣ್ಣ ಅಪ್ಪನ ಮೊಣಕಾಲು ತಾಗುತ್ತಿದ್ದ ಕಡೆ ಸವೆದಿದೆ. ಹತ್ತು ವರ್ಷದ ಹಿಂದೆ ಸಿರುಗುಪ್ಪ ರಸ್ತೆಯಲ್ಲಿ ಎದುರಿನಿಂದ ಬಂದ ಒಂದು ಕಾರು ಅಪ್ಪರ್ ಲೈಟಿನಲ್ಲಿ ಅವರ ಕಣ್ಣು ಕಟ್ಟಿತ್ತು. ಆ ಒಂದು ಕ್ಷಣದಲ್ಲಿ ರಸ್ತೆ ಬದಿ ನಿಂತಿದ್ದ ಹುಲ್ಲಿನ ಟ್ರಾಲಿ ಅವರಿಗೆ ಕಾಣಲಿಲ್ಲ. ಟ್ರಾಲಿಯ ಹಿಂದೆ ಕೆಂಪು ದೀಪವೂ ಇರಲಿಲ್ಲ, ರೇಡಿಯಂ ಪಟ್ಟಿಯೂ ಇರಲಿಲ್ಲ. ಬಲಗಾಲಿನಲ್ಲಿ ರಾಡ್ ಹಾಕಿದ ಮೇಲೆ ಅಪ್ಪ ಗಾಡಿ ಹತ್ತಲಿಲ್ಲ. ಆದರೆ ನಾನು ಮನೆಗೆ ಬಂದು ಸ್ಟ್ಯಾಂಡ್ ಹಾಕುವ ಸದ್ದಾದರೆ ಸಾಕು, ಒಳಗಿನಿಂದಲೇ ಕೇಳುತ್ತಾರೆ: “ಲೈಟ್ ಬರೋಬ್ಬರಿ ಐತೇನಪಾ?”

“ಐತಿ” ಅನ್ನುತ್ತೇನೆ. ಎರಡು ತಿಂಗಳಿಂದ ಅದು ಸುಳ್ಳಾಗಿತ್ತು.

ಡಿಮ್ ಹೋಗಿತ್ತು. ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ, ಒಂದು ಕೆಳಗಿನ ಬೆಳಕಿಗೆ, ಒಂದು ಮೇಲಿನದಕ್ಕೆ. ಕೆಳಗಿನದು ಸುಟ್ಟಿತ್ತು, ಮೇಲಿನದು ಉರಿಯುತ್ತಿತ್ತು. ನನಗಂತೂ ರಸ್ತೆ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಎದುರಿನವರು ಡಿಪ್ಪರ್ ಹೊಡೆಯುತ್ತಿದ್ದರು, ಕೆಲವರು ಬೈದು ಹೋಗುತ್ತಿದ್ದರು. ಬೈಗುಳ ಕಿವಿಗೆ ಬೀಳುವ ಹೊತ್ತಿಗೆ ಅವರು ಹಿಂದಾಗಿರುತ್ತಾರೆ. ಇಂದು ನಾಳೆ ಅನ್ನುತ್ತ ಎರಡು ತಿಂಗಳು ಕಳೆಯಿತು.

ಡಿಸೆಂಬರಿನ ಒಂದು ಸಂಜೆ. ಆರು ಗಂಟೆಗೆಲ್ಲ ಕತ್ತಲು. ಭತ್ತದ ಕೊಯ್ಲು ಜೋರಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಈ ಸೀಮೆಯಲ್ಲಿ ಕೊಯ್ಲಿನ ದಿನಗಳೆಂದರೆ 150ಎ ಹೆದ್ದಾರಿ ಹೆದ್ದಾರಿಯಾಗಿ ಉಳಿಯುವುದಿಲ್ಲ. ಅರ್ಧ ರಸ್ತೆ ತುಂಬುವ ಕಟಾವು ಯಂತ್ರ, ಹುಲ್ಲು ಹೇರಿದ ಟ್ರಾಲಿ, ಅಂಚಿನಲ್ಲಿ ಒಣಹಾಕಿದ ಕಾಳು, ಕಾಳು ಕಾಯಲು ಅಲ್ಲೇ ಕಂಬಳಿ ಹೊದ್ದು ಕೂತ ಮುದುಕರು. ಮಸ್ಕಿ ಇನ್ನೂ ಆರೇಳು ಕಿಲೋಮೀಟರ್ ಇರುವಾಗ ಲಾರಿಯೊಂದನ್ನು ದಾಟಲು ಆಕ್ಸಿಲೇಟರ್ ಪೂರ್ತಿ ತಿರುಗಿಸಿದೆ. ಬೆಳಕು ಎಂದೂ ಇಲ್ಲದಷ್ಟು ಬೆಳ್ಳಗಾಯಿತು. ಆಮೇಲೆ ಏನೂ ಇಲ್ಲ.

ಕತ್ತಲೆಂದರೆ ಕಣ್ಣು ಮುಚ್ಚಿದಂಥ ಕತ್ತಲು. ಹಿಂದೆ ಲಾರಿ. ಎಡಕ್ಕೆ ಎಳೆದುಕೊಂಡು ಮಣ್ಣಿಗಿಳಿದೆ. ಲಾರಿ ಹಾರ್ನ್ ಹೊಡೆಯುತ್ತ ಹೋಯಿತು.

ನಾನು ಇತಿಹಾಸದ ಮೇಷ್ಟ್ರು. ಗಾಡಿಯ ಬಗ್ಗೆ ನನ್ನ ತಿಳಿವಳಿಕೆ ಇಷ್ಟೇ: ಹಾರ್ನ್ ಹೊಡೆದು ನೋಡುವುದು. ಹೊಡೆಯಿತು. ಇಂಡಿಕೇಟರ್ ಹಾಕಿದೆ, ಮಿಣುಕಿತು. ಬ್ಯಾಟರಿ ಸರಿಯಿದೆ, ಹಾಗಾದರೆ ಫ್ಯೂಸ್ ಇರಬೇಕು ಎಂದು ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಪಕ್ಕದ ಮುಚ್ಚಳ ತೆಗೆದೆ. ಫ್ಯೂಸ್ ಗಟ್ಟಿಯಾಗಿತ್ತು. ಅಪ್ಪರ್, ಡಿಮ್, ಅಪ್ಪರ್, ಡಿಮ್ ಎಂದು ಸ್ವಿಚ್ಚು ಹಾಕಿದೆ. ಡೂಮಿಗೆ ಅಂಗೈಯಿಂದ ಎರಡೇಟು ಕೊಟ್ಟೆ. ಹಿಂದೆ ಹೋಗಿ ನೋಡಿದರೆ ಕೆಂಪು ದೀಪವೂ ಆರಿತ್ತು, ಮೀಟರಿನ ಸಣ್ಣ ಬಲ್ಬೂ ಆರಿತ್ತು. ಬ್ರೇಕ್ ಒತ್ತಿದಾಗ ಮಾತ್ರ ಹಿಂದೆ ಕೆಂಪಗಾಗುತ್ತಿತ್ತು. ಅಂದರೆ ಅಷ್ಟು ಹೊತ್ತು ರಸ್ತೆ ಅಂಚಿನಲ್ಲಿ ಹಿಂದಿನವರಿಗೆ ಕಾಣದೆ ನಿಂತ ವಸ್ತು ನಾನೇ. ಗಡಬಡಿಸಿ ಗಾಡಿಯನ್ನು ಇನ್ನೂ ಒಳಕ್ಕೆ, ಜಾಲಿಗಿಡದವರೆಗೆ ತಳ್ಳಿದೆ.

ಬಂದದ್ದು ಒಂದು ಟ್ರ್ಯಾಕ್ಟರ್. ಅದಕ್ಕೂ ಒಂದೇ ಕಣ್ಣು. ಹತ್ತಿಯ ಟ್ರಾಲಿ, ಮೇಲೆ ಇಬ್ಬರು ಹುಡುಗರು ಮಲಗಿದ್ದರು.

“ಯಾಕಣ್ಣಾ, ಪೆಟ್ರೋಲ್ ಆತೇನು?”

“ಇಲ್ಲಪಾ, ಲೈಟ್ ಹೋಗೈತಿ.”

“ಹಂಗಾರ ನನ್ನ ಮುಂದ ನಡೀರಿ. ಹಿಂದ ಬರಬ್ಯಾಡ್ರಿ ಮತ್ತ, ನಂದೂ ಹಿಂದ ಲೈಟ್ ಇಲ್ಲ.”

ಹೀಗೆ ಮಸ್ಕಿಯವರೆಗೆ ಇನ್ನೊಬ್ಬರ ಬೆಳಕಿನಲ್ಲಿ ಹೋದೆ. ಎರಡನೇ ಗೇರಿನಲ್ಲಿ, ಇಪ್ಪತ್ತರ ವೇಗದಲ್ಲಿ. ನನ್ನ ನೆರಳು ನನಗಿಂತ ಮುಂದೆ ರಸ್ತೆಯುದ್ದಕ್ಕೂ ಬಿದ್ದಿತ್ತು. ಗುಂಡಿ ಯಾವುದು, ನನ್ನ ತಲೆಯ ನೆರಳು ಯಾವುದು ತಿಳಿಯುತ್ತಿರಲಿಲ್ಲ. ಎದುರಿನಿಂದ ಗಾಡಿಯೊಂದು ಅಪ್ಪರ್ ಹಾಕಿಕೊಂಡು ಬಂತು. ನೆರಳು, ರಸ್ತೆ, ಅಂಚು ಎಲ್ಲವೂ ಬಿಳಿಯಾಯಿತು. ಅದು ಹೋದ ಮೇಲೂ ಎರಡು ಮೂರು ಉಸಿರಿನಷ್ಟು ಹೊತ್ತು ನನಗೆ ಏನೂ ಕಾಣಲಿಲ್ಲ. ಎಷ್ಟು ಮಂದಿಗೆ ನಾನು ಇದನ್ನು ಮಾಡಿದ್ದೆನೋ.

ಮಸ್ಕಿಯಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಮೆಕ್ಯಾನಿಕ್ ಅಂಗಡಿಯಲ್ಲಿ ಶೆಟರ್ ಅರ್ಧ ಇಳಿದಿತ್ತು. ಬಗ್ಗಿ ಕೂಗಿದೆ. ಬಿಳಿ ಗಡ್ಡದ ಚಾಚಾ ಹೊರಗೆ ಬಂದರು, ಏನೂ ಕೇಳದೆ ಡೂಮ್ ಬಿಚ್ಚಿ ಬಲ್ಬ್ ತೆಗೆದು ದೀಪಕ್ಕೆ ಹಿಡಿದರು. ಗಾಜು ಕಪ್ಪಾಗಿತ್ತು.

“ಬಲ್ಬ್ ಹಾಕಿ ಕೊಡ್ರಿ ಚಾಚಾ, ಹೊತ್ತಾತು.”

“ಹಾಕ್ತೀನಿ ಸರ್, ಮನಿ ಮುಟ್ಟೂದ್ರಾಗ ಅದೂ ಸುಡ್ತೈತಿ. ನಡೀತೈತೇನು?”

ಹೊಸ ಬಲ್ಬ್ ಸಿಕ್ಕಿಸಿ ಗಾಡಿ ಚಾಲೂ ಮಾಡಿದರು. ನಿಂತಲ್ಲಿ ಮಂಕು ಬೆಳಕು. ಆಕ್ಸಿಲೇಟರ್ ಕೊಟ್ಟಂತೆ ಹಳದಿ, ಬಿಳಿ, ಕೊನೆಗೆ ನೀಲಿ ತಿರುಗುವಷ್ಟು ಬಿಳಿ. ತಟ್ಟನೆ ಆರಿಸಿದರು. ಆಗ ಅವರು ಹೇಳಿದ್ದು: ಇಂಥ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಎಂಜಿನ್ನಿನ ಪಕ್ಕದಲ್ಲಿ ಅಯಸ್ಕಾಂತ ಸುತ್ತುತ್ತದೆ, ಕಾಯಿಲ್ಲಿನಲ್ಲಿ ಕರೆಂಟು ಹುಟ್ಟುತ್ತದೆ, ಅದು ನೇರ ಬಲ್ಬಿಗೆ. ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಲೈಟ್ ಬರುತ್ತದೆ, ಬ್ಯಾಟರಿ ಚೆನ್ನಾಗಿದ್ದರೂ ಲೈಟ್ ಬಾರದೆ ಇರಬಹುದು. ನಾನು ಹಾರ್ನ್ ಹೊಡೆದು ಪರೀಕ್ಷೆ ಮಾಡಿದ್ದಕ್ಕೆ ಅರ್ಥವೇ ಇರಲಿಲ್ಲ. ಎಂಜಿನ್ ಜೋರಾದಷ್ಟೂ ಕರೆಂಟು ಏರುತ್ತದೆ. ಹೆಚ್ಚಾದದ್ದನ್ನು ಭೂಮಿಗೆ, ಅಂದರೆ ಗಾಡಿಯ ಚಾಸಿಗೆ, ಹರಿಸಿಬಿಡುವ ಕೆಲಸ ರೆಗ್ಯುಲೇಟರಿನದು. ಅದು ಕೆಲಸ ಬಿಟ್ಟರೆ ಹೆಚ್ಚಿನದೆಲ್ಲ ಬಲ್ಬಿಗೆ. ಮೂರು ಬಲ್ಬು ಒಮ್ಮೆಗೇ ಹೋದದ್ದು ಅದಕ್ಕೇ.

ಟ್ಯಾಂಕ್ ಎತ್ತಿ ರೆಗ್ಯುಲೇಟರ್ ಹೊರತೆಗೆದರು. ಅದು ಕೆಟ್ಟಿರಲಿಲ್ಲ. ಅದರ ಅರ್ಥಿಂಗ್ ವೈರಿನ ತುದಿಯಲ್ಲಿ ಹಸಿರು ಕಿಲುಬು, ಬೋಲ್ಟಿಗೆ ತುಕ್ಕು. ಪ್ರತಿ ಭಾನುವಾರ ಕಾಲುವೆಯಲ್ಲಿ ಬಕೆಟ್ಟುಗಟ್ಟಲೆ ನೀರು ಸುರಿದು ಗಾಡಿ ತೊಳೆಯುವ ನನ್ನ ಶಿಸ್ತಿನ ಫಲ. ಚಾಚಾ ಪಾಲಿಶ್ ಕಾಗದದಿಂದ ತಿಕ್ಕತೊಡಗಿದರು.

ನಾನು ಬಾಗಿಲಲ್ಲಿ ನಿಂತೆ. ಊರಿನ ಆಚೆ ಗುಡ್ಡ ಕಪ್ಪಗೆ ಕೂತಿತ್ತು. ಅದರ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳ ಬಗ್ಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಇಲ್ಲಿ ಹುಡುಕುತ್ತಿದ್ದದ್ದು ಚಿನ್ನ. ಸಿಕ್ಕಿದ್ದು ಶಾಸನ. ಅಲ್ಲಿಯವರೆಗೆ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಕಾಣುತ್ತಿದ್ದವು, ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ನಿಟ್ಟೂರು, ಉದೇಗೋಳದಲ್ಲಿ ಆ ಹೆಸರು ಕಂಡದ್ದು ಆಮೇಲೆ. ಇಷ್ಟನ್ನೂ ಹುಡುಗರಿಗೆ ಹೇಳುತ್ತೇನೆ. ಗುಡ್ಡದ ಪಕ್ಕವೇ ದಿನವೂ ಹಾದುಹೋಗುವ ನಾನು ಅಲ್ಲಿ ಇಳಿದು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತಿದ್ದಾಗ ಚಾಚಾ ಕರೆದರು.

“ಸರ್, ಡಿಮ್ಮಿನ ತಂತಿ ಮೊದ್ಲ ಹೋಗಿತ್ತೇನು?”

“ಹೌದ್ರಿ. ಎರಡು ತಿಂಗಳಾತು.”

ಅವರ ಕೈ ನಿಂತಿತು. “ಎರಡು ತಿಂಗಳು ಅಪ್ಪರಿನ್ಯಾಗ ಅಡ್ಡಾಡೀರಿ?”

ಬೈಯಲಿಲ್ಲ. ಮತ್ತೆ ತಿಕ್ಕತೊಡಗಿದರು. ಬೈದಿದ್ದರೆ ವಾಸಿಯಿತ್ತು.

ಬಲ್ಬಿನ ದುಡ್ಡು ಮಾತ್ರ ತೆಗೆದುಕೊಂಡರು. ವೈರ್ ತಿಕ್ಕಿದ್ದಕ್ಕೆ ಏನು ದುಡ್ಡು ಅಂದರು.

ಮಸ್ಕಿಯಿಂದ ಸಿಂಧನೂರಿಗೆ ಡಿಮ್ಮಿನಲ್ಲೇ ಬಂದೆ. ರಸ್ತೆ ಕಡಿಮೆ ಕಾಣುತ್ತಿತ್ತು, ನಿಧಾನಕ್ಕೆ ಓಡಿಸಿದೆ. ಅಪ್ಪ ಹೇಳುತ್ತಿದ್ದ ಒಂದು ವಿಷಯ ನೆನಪಾಯಿತು: ಮೊದಲು ಹಗಲಲ್ಲಿ ಯಾರದಾದರೂ ಲೈಟ್ ಉರಿಯುತ್ತಿದ್ದರೆ ಎದುರಿನವರು ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡುತ್ತಿದ್ದರಂತೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಹೀಗಾಗಿ ಆ ಸನ್ನೆ ಈಗ ಯಾರಿಗೂ ಬೇಕಿಲ್ಲ.

ಮನೆ ಮುಟ್ಟಿದಾಗ ಒಂಬತ್ತಾಗಿತ್ತು. ಸ್ಟ್ಯಾಂಡ್ ಹಾಕುವ ಮೊದಲೇ ಒಳಗಿನಿಂದ ಪ್ರಶ್ನೆ ಬಂತು. ಈ ಸಲ ಐತಿ ಅನ್ನಲಿಲ್ಲ. “ಹೊರಗ ಬಾ ಅಪ್ಪಾ” ಅಂದೆ. ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಎರಡು ತಿಂಗಳಿನದನ್ನೆಲ್ಲ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಬಲಗಾಲು ನೋಡುತ್ತಿದ್ದೆ. ಅವರು ಏನೂ ಅನ್ನಲಿಲ್ಲ. ತುಸು ಹೊತ್ತಾದ ಮೇಲೆ, “ಚಾಲೂ ಮಾಡು” ಅಂದರು.

ಎದುರು ಮನೆಯ ಗೋಡೆಯ ಮೇಲೆ ಬೆಳಕು ಬಿತ್ತು. ಡಿಮ್. ಅಪ್ಪರ್. ಮತ್ತೆ ಡಿಮ್. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

“ಡೂಮ್ ಮ್ಯಾಲಾಗೈತಿ. ಎದುರಿನವ್ರ ಕಣ್ಣಿಗೆ ಹೊಡೀತೈತಿ. ಒಂದೆರಡು ಬೆರಳು ಕೆಳಗಿಳಿಸು.”

ನಾನು ಪಾನಾ ಹುಡುಕಲು ಒಳಗೆ ಹೋದೆ.