ಕಡೂರು ದಾರೀಲಿ ಒಮ್ಮೆ ತಲೆ ಎತ್ತಿ ನೋಡಿ

ವೀಕೆಂಡ್ ಬಂದರೆ ಬೆಂಗಳೂರಿನ ಬೈಕುಗಳೆಲ್ಲ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಕಡೆ ಮುಖ ಮಾಡ್ತವೆ. ಕಡೂರು, ತರೀಕೆರೆ ನಮಗೆ ಕಾಫಿಗೆ ನಿಲ್ಲೋ ಊರುಗಳು. ಅಜ್ಜಂಪುರವಂತೂ ಎಷ್ಟೋ ಜನರಿಗೆ ರೈಲಿನ ಕಿಟಕಿಯಿಂದ ಕಂಡ ಬೋರ್ಡು, ಅಷ್ಟೇ. ಈ ಸಲ ಅತ್ತ ಹೋದರೆ ಹಳೇ ಆಲ, ಅರಳಿ, ಹುಣಸೆ ಮರ ಕಂಡ ಕಡೆ ಗಾಡಿ ನಿಲ್ಲಿಸಿ ತಲೆ ಎತ್ತಿ ನೋಡಿ. ಮಡಚಿದ ಕಪ್ಪು ಛತ್ರಿಗಳನ್ನು ನೇತುಹಾಕಿದ ಹಾಗೆ ಬಾವಲಿಗಳು ಕಂಡರೂ ಕಾಣಬಹುದು.

ಇವು ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ. ತೂಕ ಒಂದೂವರೆ ಕೆಜಿವರೆಗೂ ಇರುತ್ತೆ. ಹುಳ ಹಿಡಿಯೋ ಸಣ್ಣ ಬಾವಲಿಗಳ ಹಾಗೆ ಇವು ಪ್ರತಿಧ್ವನಿ ಕೇಳಿಸಿಕೊಂಡು ಹಾರೋದಿಲ್ಲ. ಕಣ್ಣು, ಮೂಗೇ ಇವುಗಳ ಜಿಪಿಎಸ್.

ಕಡೂರು ಬಯಲುಸೀಮೆ. ಮದಗದ ಕೆರೆ, ಅಯ್ಯನಕೆರೆಯಂಥ ಹಳೇ ಕೆರೆಗಳೇ ಇಲ್ಲಿನ ಜೀವಾಳ. ಬಾವಲಿಗೂ ಬೇಕಾದದ್ದು ಅದೇ: ಎತ್ತರದ ಮರ, ಹತ್ತಿರದಲ್ಲೇ ನೀರು. ಒಂದೇ ಮರದಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡ್ತವೆ. ಕಾಲಿನ ಸ್ನಾಯುರಜ್ಜು ತಾನಾಗೇ ಬಿಗಿದುಕೊಳ್ಳೋದರಿಂದ ತಲೆಕೆಳಗಾಗಿ ನೇತಾಡೋಕೆ ಶ್ರಮವೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ರೆಕ್ಕೆಯಿಂದಲೇ ಗಾಳಿ ಬೀಸಿಕೊಳ್ತವೆ, ಮೈ ನೆಕ್ಕಿ ತಂಪು ಮಾಡಿಕೊಳ್ತವೆ. ಕೆರೆ ಮೇಲೆ ತೀರಾ ಕೆಳಗೆ ಹಾರಿ ಹೊಟ್ಟೆ ತೋಯಿಸಿಕೊಂಡು, ಮರಕ್ಕೆ ಮರಳಿ ಕೂದಲಿನ ನೀರು ನೆಕ್ಕುತ್ತವೆ. ಕೆರೆ ಒಣಗಿದ ಬೇಸಿಗೆ ಇವಕ್ಕೆ ಎಷ್ಟು ಕಷ್ಟ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ತರೀಕೆರೆ ಕಡೆ ಭದ್ರಾ ನೀರು, ಅಡಿಕೆ ತೋಟ. ಇಲ್ಲಿ ಊಟದ ಕಥೆ. ಆಲ, ಅತ್ತಿ, ಬಸರಿ ಹಣ್ಣು ಬಾವಲಿಯ ಅನ್ನ. ನೇರಳೆ, ಬೇವಿನ ಹಣ್ಣು, ಹಿಪ್ಪೆ ಮತ್ತು ಬೂರುಗದ ಹೂವಿನ ಮಕರಂದವೂ ಸೈ. ಹಣ್ಣನ್ನು ಅಗಿದು ರಸ ಹೀರಿ ಸಿಪ್ಪೆ ಉಗುಳುತ್ತವೆ. ಇವುಗಳ ಸಣ್ಣ ದಾಯಾದಿ, ಗಿಡ್ಡ ಮೂತಿಯ ಬಾವಲಿ, ಅಡಿಕೆ ಹಣ್ಣಿನ ಸಿಪ್ಪೆಯ ರಸ ಹೀರಿ ಗೋಟನ್ನು ಕೆಳಗೆ ಹಾಕುತ್ತೆ. ಮಲೆನಾಡಲ್ಲಿ ಹಾಗೆ ಬಿದ್ದ ಅಡಿಕೆ ಆರಿಸಿಕೊಳ್ಳೋರೂ ಇದ್ದಾರೆ. ಮಾವು, ಸಪೋಟ, ಸೀಬೆ ಬೆಳೆದವರಿಗೆ ಮಾತ್ರ ನಷ್ಟ ನಿಜವಾದದ್ದೇ. ಬಲೆ ಕಟ್ಟೋದು, ಗೊನೆಗೆ ಚೀಲ ಹಾಕೋದು ಇದಕ್ಕಿರೋ ದಾರಿ. ಪಟಾಕಿ ಅಲ್ಲ.

ಅಜ್ಜಂಪುರ ಅಮೃತ ಮಹಲ್ ದನಗಳ ಊರು. ಸುತ್ತ ಬಯಲು, ಹುಲ್ಲುಗಾವಲು, ಈರುಳ್ಳಿ ಹೊಲ. ಹಕ್ಕಿಗಳು ಹೆಚ್ಚಾಗಿ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕಿದರೆ, ಬಾವಲಿ ಹಾರ್ತಾ ಹಾರ್ತಾನೇ ಹಾಕುತ್ತೆ. ಒಂದು ರಾತ್ರಿಗೆ ಹತ್ತಾರು ಕಿಲೋಮೀಟರ್ ಸುತ್ತುವ ಪ್ರಾಣಿ. ಹೀಗಾಗಿ ಮರವೇ ಇಲ್ಲದ ಬಯಲಿಗೂ ಬೀಜ ಬೀಳುತ್ತೆ. ಹೊಲದ ಬದುವಿನಲ್ಲೋ ಹಳೇ ಗೋಡೆಯ ಬಿರುಕಿನಲ್ಲೋ ಯಾರೂ ನೆಡದ ಆಲದ ಸಸಿ ಕಂಡರೆ, ನೆಟ್ಟವರು ಇವರೂ ಇರಬಹುದು.

ಇಂಥ ಪ್ರಾಣಿಯನ್ನು 1972ರ ವನ್ಯಜೀವಿ ಕಾಯ್ದೆ ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ದೊಡ್ಡ ಬಾವಲಿ ಈಗ ರಕ್ಷಿತ ಪ್ರಾಣಿ. ಆದರೆ 2018ರಲ್ಲಿ ಕೇರಳಕ್ಕೆ ನಿಪಾ ಬಂದಮೇಲೆ ಜನರ ಭಯ ಹೆಚ್ಚಾಗಿದೆ. ಭಯ ಸುಳ್ಳಲ್ಲ, ವೈರಾಣುವಿನ ಮೂಲ ನೆಲೆ ಇವೇ. ಅದಕ್ಕೇ ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದ ಬಾವಲಿಯನ್ನು ಮುಟ್ಟಬೇಡಿ, ಮರದ ಕೆಳಗೆ ಡಬ್ಬಿ ಬಿಚ್ಚಿ ಊಟಕ್ಕೆ ಕೂರಬೇಡಿ. ಓಡಿಸೋಕೆ ಹೋದರೆ ಬೆದರಿದ ಗುಂಪು ಇನ್ನೊಂದು ಊರಿಗೆ ಹೋಗುತ್ತೆ, ಅಷ್ಟೇ.

ಹೆಣ್ಣು ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತೆ, ಅದೂ ಬಿಸಿಲೇರುವ ತಿಂಗಳುಗಳಲ್ಲಿ. ಆ ಹೊತ್ತಿಗೆ ಮರ ಕಡಿದರೆ ಎದೆಗೆ ಅಂಟಿಕೊಂಡ ಮರಿಗಳೂ ಬೀದಿಪಾಲು. ಕಾಯ್ದೆ ಬಾವಲಿಯನ್ನು ಕೊಲ್ಲಬೇಡಿ ಅನ್ನುತ್ತೆ. ಅದು ಮಲಗೋ ಮರ ಮಾತ್ರ ರಸ್ತೆ ಅಗಲ ಆಗುವಾಗ ಲೆಕ್ಕಕ್ಕೇ ಬರೋದಿಲ್ಲ. ನಿಮ್ಮೂರಲ್ಲಿ ಅಂಥದ್ದೊಂದು ಮರ ಇದ್ದರೆ ಗ್ರಾಮ ಪಂಚಾಯ್ತಿಗೂ ಅರಣ್ಯ ಇಲಾಖೆಗೂ ಈಗಲೇ ತಿಳಿಸಿಡಿ. ಗರಗಸ ಬಂದ ದಿನ ಹೇಳೋಕೆ ಹೊತ್ತಿರೋದಿಲ್ಲ.